ಗುರುವಾರದ ಗಂಟೆ

ಜನವರಿ 9, ಗುರುವಾರ

ಮತ್ತೆ ಅದೇ. ನಾನು ಹಾಡುವ ಪ್ರಾರ್ಥನೆ ಎರಡನೆಯ ಚರಣ ಮುಟ್ಟುವ ಮೊದಲೇ ಅಧ್ಯಕ್ಷರು ಗಂಟೆ ಹೊಡೆದರು. ಬೋಂಡ ಆರಿಹೋಗುತ್ತದಂತೆ. ಆ ಗಂಟೆಯನ್ನು ವಾರವಾರ ಹೊತ್ತು ಹೋಗುವವಳು ನಾನು. ಕ್ಲಬ್ಬಿನ ಕಾರ್ಯದರ್ಶಿ ಅಲ್ಲವೇ... ಗಂಟೆ, ಬ್ಯಾನರ್, ಅಧ್ಯಕ್ಷರ ಕೊರಳಿಗೆ ಹಾಕುವ ಕಾಲರ್, ಎಲ್ಲ ನನ್ನ ಬ್ಯಾಗಿನಲ್ಲೇ. ನಾನೇ ತಂದು ಮೇಜಿನ ಮೇಲಿಡುವ ಗಂಟೆಯಿಂದ ನನ್ನ ಬಾಯಿ ಮುಚ್ಚಿಸುತ್ತಾರೆ.

ಇವತ್ತಿನ ವಿಷಯ 'ಸ್ಥಳೀಯ ರಂಗಕಲೆಗಳ ಮುಂದಿರುವ ಸವಾಲುಗಳು'. ಅತಿಥಿ ನಮ್ಮ ರಾಯಲ್ಪಾಡಿನ ಕೋದಂಡರಾಮಪ್ಪ ಮೇಷ್ಟ್ರು. ಹಾರ್ಮೋನಿಯಂ ಹಿಡಿದು ಊರೂರಿನ ಗಂಡಸರಿಗೆ ನಾಟಕ ಕಲಿಸಿದವರು. ಕರೆಸಿದ್ದು ನಾನೇ. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಅವರ ತಾಲೀಮು ನಡೆಯುತ್ತಿತ್ತು. ಗೋಡೆಯ ಈಚೆ ಕೂತು ಕೃಷ್ಣನ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಅವರೇ ಒಂದು ದಿನ ಒಳಗೆ ಕರೆದು ಶ್ರುತಿಗೆ ಕೂರಿಸಿದರು. ಸ್ಟೇಜು ಮಾತ್ರ ಹತ್ತಲಾಗಲಿಲ್ಲ. ಮನೆತನದ ಹೆಣ್ಣುಮಕ್ಕಳು ಮುಖಕ್ಕೆ ಬಣ್ಣ ಹಚ್ಚುವುದುಂಟೇ!

ಮೊದಲು ಹುಟ್ಟುಹಬ್ಬದವರಿಗೆ ಹಾರ. ಆಮೇಲೆ ಮದುವೆಯ ದಿನದವರಿಗೆ ಹಾರ. ಆಮೇಲೆ ಕ್ಲಬ್ಬಿನ ಪಿನ್ ಮರೆತು ಬಂದವರಿಗೆ ದಂಡ, ನಗು, ಚಪ್ಪಾಳೆ. ಮೇಷ್ಟ್ರ ಸರದಿ ಬರುವಷ್ಟರಲ್ಲಿ ಅರ್ಧ ಜನ ಎದ್ದು ಕೈ ತೊಳೆಯುತ್ತಿದ್ದರು.

"ಸವಾಲು ಅಂದ್ರೆ ಇನ್ನೇನ್ ಸ್ವಾಮಿ," ಎಂದರು ಮೇಷ್ಟ್ರು. "ತಾಲೀಮಿಗೆ ಬರಲ್ಲ ಜನ. ಮೊದಲ್ನೇ ದಿನಾನೇ ಕಿರೀಟ ಎಲ್ಲಿ ಅಂತಾರೆ."

ಗಂಟೆ. ಶಾಲು, ಫಲಕ, ಫೋಟೊ.

ಆಮೇಲೆ ಅಧ್ಯಕ್ಷ ಚಂದ್ರಮೋಹನ್ ಎದ್ದರು. ಮಾವಿನ ಮಂಡಿಯವರು, ಯಾವ ಮಾತಾದರೂ ಹರಾಜು ಕೂಗುವ ದನಿಯಲ್ಲೇ. ಕ್ಲಬ್ಬೇ ಒಂದು ಪೌರಾಣಿಕ ನಾಟಕ ಆಡುತ್ತದೆ, ಮೇಷ್ಟ್ರೇ ಬರೆದದ್ದು, ಕೃಷ್ಣ ಸಂಧಾನಕ್ಕೆ ಹೋಗುವ ಕಥೆ ಎಂದು ಘೋಷಿಸಿದರು. ಕಲೆ ಉಳಿಸುತ್ತಾರಂತೆ. ಹೆಣ್ಣುಮಕ್ಕಳು ಮುಂದೆ ಬರುತ್ತಿಲ್ಲ, ಅದೇ ಎಲ್ಲಕ್ಕಿಂತ ದೊಡ್ಡ ಸವಾಲು ಎಂದೂ ಸೇರಿಸಿದರು.

ಮನೆಗೆ ಬಂದು ಮುನೇಶ್‌ಗೆ ಹೇಳಿದೆ. ಡಿಪೋದಿಂದ ಆಗ ತಾನೇ ಬಂದು ಮುದ್ದೆ ಮುರಿಯುತ್ತಿದ್ದರು. "ಮುಂದೆ ಹೋಗು ಮತ್ತೆ. ಯಾರು ಬೇಡಾಂದ್ರು?" ಎಂದರು. ಗಂಡ ಹೇಳಿದ್ದು ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಹೋಗುತ್ತೇನೆ.

ಜನವರಿ 16, ಗುರುವಾರ

ಪಾತ್ರ ಹಂಚಿಕೆ. ಎದ್ದು ನಿಂತು ಮೈಕಿನಲ್ಲೇ ಕೇಳಿದೆ. "ಕೃಷ್ಣನ ಪಾತ್ರ ನಾನು ಮಾಡ್ತೀನಿ. ಹಾಡೆಲ್ಲ ಬರುತ್ತೆ ನಂಗೆ."

ಹಿಂದಿನ ಸಾಲಿನಿಂದ ಯಾರೋ— "ಸುನಂದಾ ಮೇಡಂ ಕೃಷ್ಣ ಆದ್ರೆ ಸತ್ಯಭಾಮೆ ಯಾರು, ಮುನೇಶಣ್ಣಾನಾ?" ಹಾಲೆಲ್ಲ ನಗು.

ಕೃಷ್ಣನ ಪಾತ್ರ ಚಂದ್ರಮೋಹನ್‌ಗೆ ಎಂದು ಮೊದಲೇ ಆಗಿದೆಯಂತೆ. ಹೆಚ್ಚು ಖರ್ಚು ಹೊತ್ತವರಿಗೆ ದೊಡ್ಡ ಪಾತ್ರ, ನಮ್ಮ ಕಡೆ ನಾಟಕದಲ್ಲಿ ಪದ್ಧತಿಯೇ ಅದು. ದ್ರೌಪದಿಗೆ ಮುಳಬಾಗಿಲಿನ ಗಂಗರತ್ನಮ್ಮನನ್ನು ಗೊತ್ತು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಯಾವಾಗಲೂ ಹೊರಗಿನ ಕಲಾವಿದೆಯೇ. ಸದಸ್ಯರ ಮನೆ ಹೆಂಗಸರು ಆರತಿ ತಟ್ಟೆ ಹಿಡಿದರೆ ಸಾಕು.

"ನೀವು ಟೀಚರ್ರು, ಕನ್ನಡ ಸ್ಪಷ್ಟ. ಸೈಡ್‌ವಿಂಗಲ್ಲಿ ನಿಂತು ಮಾತು ಎತ್ತಿಕೊಡಿ ಮೇಡಂ" ಎಂದರು ಅಧ್ಯಕ್ಷರು, ಮಹದುಪಕಾರ ಮಾಡುವವರ ಹಾಗೆ.

ಹೆಣ್ಣುಮಕ್ಕಳು ಮುಂದೆ ಬರುತ್ತಿಲ್ಲವಂತೆ! ಬಂದವಳನ್ನು ವಿಂಗಿಗೆ ತಳ್ಳಿದವರು ಯಾರು? ಮೈಯೆಲ್ಲ ಉರಿಯುತ್ತಿದೆ. ನಗುವಿಗಿಂತ ಆ 'ಮೇಡಂ' ಹೆಚ್ಚು ಉರಿಸುತ್ತಿದೆ.

ಜನವರಿ 17

ಉರಿ ಆರಿಲ್ಲ. ಎಂಟನೇ ಕ್ಲಾಸಿನ ಮಕ್ಕಳನ್ನು ಸುಮ್ಮಸುಮ್ಮನೆ ಗದರಿದೆ.

ಫೆಬ್ರವರಿ 11

ಬರೆಯುವ ಮನಸ್ಸೇ ಇರಲಿಲ್ಲ. ಇವತ್ತು ಬರೆಯಲೇಬೇಕು.

ತಾಲೀಮು. ಚಂದ್ರಮೋಹನ್ ಕಿರೀಟ ಇಟ್ಟುಕೊಂಡೇ ಬಂದಿದ್ದರು, ಅಭ್ಯಾಸ ಆಗಲಿ ಎಂದು. ಮೇಷ್ಟ್ರು ಒಂದು ಶ್ರುತಿ ಹಿಡಿದರೆ ಇವರದು ಬೇರೆಯೇ ದಾರಿ. ನಡುನಡುವೆ ಫೋನು— "ತೋತಾಪುರಿ ಹೂವು ನಿಂತೈತಾ? ರಾಯಲ್ಪಾಡು ಕಡೆ ಹೆಂಗೈತೆ?" ದುರ್ಯೋಧನ ಕಾಯುತ್ತಾ ನಿಂತಿರುತ್ತಾನೆ.

'ಐದೇ ಊರು ಸಾಕು ರಾಜಾ, ಆರನೆಯದು ಬೇಡೆನು'— ಕೃಷ್ಣ ತುಂಬಿದ ಸಭೆಯಲ್ಲಿ ನಿಂತು ಕೇಳುವ ಹಾಡು. ನಾಟಕದ ಜೀವವೇ ಅದು. ಚಂದ್ರಮೋಹನ್ ಬಾಯಲ್ಲಿ ಬಾಡಿಗೆ ವಸೂಲಿಗೆ ಬಂದವರ ಜಗಳದ ಹಾಗೆ ಕೇಳಿಸಿತು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನುವ್ವು ಒಂದ್ಸಲ ಹೇಳಮ್ಮಾ" ಎಂದರು, ಎಂದಿನಂತೆ ತೆಲುಗು ಬೆರೆಸಿ.

ಮತ್ತೆ ಶ್ರುತಿ ಹಿಡಿದರು. ಹಾಡಿದೆ. ಮೂರೂ ಚರಣ. ಯಾರೂ ಗಂಟೆ ಹೊಡೆಯಲಿಲ್ಲ. ದುರ್ಯೋಧನನ ಪಾತ್ರದವರು ಟೀ ಲೋಟ ಕೆಳಗಿಟ್ಟು ಕೂತರು. ಚಂದ್ರಮೋಹನ್ ಕಿರೀಟ ತೆಗೆದು ತಲೆ ಕೆರೆದುಕೊಂಡರು.

ಎಲ್ಲರಿಗೂ ಗೊತ್ತಾಯಿತು. ಗೊತ್ತಾದರೆ ಸಾಕೇ?

ಫೆಬ್ರವರಿ 20, ಗುರುವಾರ

ಪರಿಹಾರ ಕಂಡುಹಿಡಿದಿದ್ದಾರೆ ಮಹಾನುಭಾವರು. ನಾನು ವಿಂಗಿನಲ್ಲಿ ನಿಂತು ಮೈಕಿನಲ್ಲಿ ಹಾಡುವುದು. ಅಧ್ಯಕ್ಷರು ಮುಂದೆ ನಿಂತು ಬಾಯಿ ಆಡಿಸುವುದು!

"ನಿಮ್ದು ಹೆಂಗೂ ಗಡಸು ದನಿ ಮೇಡಂ. ಯಾರಿಗೂ ಗೊತ್ತಾಗಲ್ಲ. ಸಿನಿಮಾದಲ್ಲಿ ಮಾಡಲ್ವಾ?"

ನಿಜ, ಫೋನೆತ್ತಿದರೆ ಜನ 'ಸಾರ್' ಎನ್ನುವ ದನಿ ನನ್ನದು. ಇಷ್ಟು ದಿನ ಅದನ್ನು ಆಡಿಕೊಂಡು ನಗುತ್ತಿದ್ದವರೂ ಇವರೇ. ಸಿನಿಮಾದಲ್ಲಿ ಹಾಡಿದವರ ಹೆಸರು ಹಾಕುತ್ತಾರೆ ಎಂದೆ. ಆಗಲ್ಲ ಎಂದು ಎದ್ದು ಬಂದೆ.

ಮೇಷ್ಟ್ರು ಮೆಟ್ಟಿಲ ಹತ್ತಿರ ತಡೆದರು. "ನಾಟಕ ಬಿದ್ದೋಗ್ತದಮ್ಮಾ. ನಾನು ಕಲಿಸೋ ಆಟ ಇದೇ ಕೊನೇದೇನೋ."

ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ವಾಪಸ್ ಹೋಗಿ ಎಲ್ಲರೆದುರು ಹೇಳಿದೆ: ಪಾಂಪ್ಲೆಟಿನಲ್ಲಿ ನನ್ನ ಹೆಸರಿರಬೇಕು. ಹಾಡಿಗೆ ಮೊದಲು ಹಾಡುವವಳು ಇಂಥವಳು ಎಂದು ಮೈಕಿನಲ್ಲಿ ಹೇಳಬೇಕು. ಅಷ್ಟೇ. ಬೇರೇನೂ ಬೇಡ.

"ದೇವರಾಣೆಗೂ ಹೇಳಿಸ್ತೀನಿ" ಎಂದು ಚಂದ್ರಮೋಹನ್ ಎದೆ ಮುಟ್ಟಿಕೊಂಡರು. ಚಪ್ಪಾಳೆಯೂ ಆಯಿತು.

ಮಾರ್ಚ್ 6, ಗುರುವಾರ

ಪಾಂಪ್ಲೆಟ್ ಬಂತು. ನಾಡಿದ್ದು ಶನಿವಾರ, 'ಅಂತರರಾಷ್ಟ್ರೀಯ ಮಹಿಳಾ ದಿನಾಚರಣೆ ಹಾಗೂ ಪೌರಾಣಿಕ ನಾಟಕ'. ಒಂದೇ ಶಾಮಿಯಾನದಲ್ಲಿ ಎರಡೂ ಮುಗಿಯಲಿ ಎಂದು. ಮೇಲಿಂದ ಕೆಳಗಿನವರೆಗೆ ಮೀಸೆಗಳೇ. ಗಂಗರತ್ನಮ್ಮನ ಫೋಟೊ ಕೂಡ ಇಲ್ಲ. ನನ್ನ ಹೆಸರು ಇದೆ— 'ಸ್ವಾಗತ ಮತ್ತು ತಾಂಬೂಲ: ಶ್ರೀಮತಿ ಸುನಂದ'.

ಫೋನ್ ಮಾಡಿದೆ. "ಪ್ರಿಂಟಿಂಗ್ ಪ್ರೆಸ್ಸೋನು ತಪ್ಪು ಮಾಡಿದಾನೆ ಮೇಡಂ. ಮೈಕಲ್ಲಿ ಗ್ಯಾರಂಟಿ."

ಸ್ವಾಗತ ಮತ್ತು ತಾಂಬೂಲ.

ಮಾರ್ಚ್ 9, ಭಾನುವಾರ

ಒಂದೂ ಬಿಡದೆ ಬರೆಯಬೇಕು.

ನಿನ್ನೆ ರಾತ್ರಿ ಗ್ರೀನ್ ರೂಮಿನಲ್ಲಿ ಗಂಗರತ್ನಮ್ಮ ಬಣ್ಣ ಹಚ್ಚಿಕೊಳ್ಳುತ್ತಾ ಕರೆದು ಕೂರಿಸಿಕೊಂಡರು. "ಹಾಡೋರು ನೀವಂತಲ್ಲಮ್ಮಾ? ನಮ್ದೂ ಅಷ್ಟೇ ಬಿಡಿ. ಆಟ ನಡೀವಾಗ ಪಾಂಚಾಲಿ ತಾಯೀ ಅಂತ ಕೈ ಮುಗೀತಾರೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಲ್ಲಿ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರೆ." ಅವರ ಫೋಟೊ ಹಾಕದ ಕ್ಲಬ್ಬಿನ ಕಾರ್ಯದರ್ಶಿ ನಾನೇ.

ಸಂಧಾನದ ದೃಶ್ಯ. ನಿರೂಪಕ ಮೈಕ್ ಎತ್ತಿದ. ಕಾದೆ. "ಈಗ ಶ್ರೀಕೃಷ್ಣನಾಗಿ, ಅಮೋಘ ಗಾಯನ ಹಾಗೂ ಅಭಿನಯದಲ್ಲಿ, ನಮ್ಮ ಹೆಮ್ಮೆಯ ಅಧ್ಯಕ್ಷರು..."

ಗಾಯನ! ಕೈಯಲ್ಲಿದ್ದ ಮೈಕ್ ನೆಲಕ್ಕೆ ಕುಕ್ಕಿ ಹೋಗಿಬಿಡಬೇಕಿತ್ತು. ಅಷ್ಟರಲ್ಲಿ ಮೇಷ್ಟ್ರು ಶ್ರುತಿ ಹಿಡಿದರು. ಆ ಶ್ರುತಿ ಕೇಳಿದರೆ ನನ್ನ ಬಾಯಿ ತಾನಾಗಿ ತೆರೆಯುತ್ತದೆ. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ನಮ್ಮ ಕಡೆ ಆಟದ ನಡುವೆಯೇ ನೆಂಟರಿಷ್ಟರು ಸ್ಟೇಜ್ ಹತ್ತಿ ಪಾತ್ರಧಾರಿಗೆ ಹಾರ ಹಾಕುತ್ತಾರೆ. ಹಾರ ಬಂದರೆ ಹಾರ್ಮೋನಿಯಂ ನಿಲ್ಲುತ್ತದೆ, ಅದರ ಜೊತೆ ಹಾಡೂ ನಿಲ್ಲುತ್ತದೆ, ಫೋಟೊ ಆಗುತ್ತದೆ, ಮತ್ತೆ ಶುರು. ನಾನು ನಿಂತ ಮೂಲೆಗೆ ಮೇಷ್ಟ್ರು ಕಾಣುತ್ತಿದ್ದರು, ಸ್ಟೇಜಿನ ಮಧ್ಯ ಕಾಣುತ್ತಿರಲಿಲ್ಲ. ಮುಂದಿನದು ಮುನೇಶ್ ಹೇಳಿದ್ದು. ಅವರು ಮುಂದಿನ ಸಾಲಿನಲ್ಲಿದ್ದರು.

ಎರಡನೆಯ ಚರಣದಲ್ಲಿ ಕ್ಲಬ್ಬಿನ ಜಿಲ್ಲಾ ಗವರ್ನರ್ ಆಳೆತ್ತರದ ಸೇಬಿನ ಹಾರ ಹೊರಿಸಿಕೊಂಡು ಸ್ಟೇಜ್ ಹತ್ತಿದ್ದಾರೆ. ಕೃಷ್ಣ ಪರಮಾತ್ಮ ಕೊಳಲನ್ನು ಕಂಕುಳಲ್ಲಿ ಸಿಕ್ಕಿಸಿ, ಕೈ ಮುಗಿದು, "ಬನ್ನಿ ಸಾರ್, ಬನ್ನಿ ಸಾರ್, ಊಟ ಆಯ್ತಾ ಸಾರ್" ಎನ್ನುತ್ತಿದ್ದಾನೆ. ಹಾಡು ಮಾತ್ರ ಬರುತ್ತಲೇ ಇದೆ!

ಹಾರ್ಮೋನಿಯಂ ನಿಂತಿರಲಿಲ್ಲ.

ಜನ ಕೇಕೆ ಹಾಕಿದಾಗ ಏನೋ ತಪ್ಪಿತು ಎಂದು ಗಾಬರಿಯಾಗಿ ಮೇಷ್ಟ್ರ ಕಡೆ ನೋಡಿದೆ. ಬೆರಳು ಓಡುತ್ತಲೇ ಇದ್ದವು. "ಪಾಡಮ್ಮಾ, ಪಾಡು!" ಎಂದರು. ಹಾಡಿದೆ. "ಯಾರಮ್ಮಾ ಅದು? ಆಚೆ ಬಾ!" "ಒನ್ಸ್ ಮೋರ್!" ಕೂಗು ಎದ್ದಿತು. ನನ್ನ ಸ್ಕೂಲಿನ ಹುಡುಗಿಯರ ದನಿ— "ನಮ್ ಸುನಂದಾ ಮಿಸ್ಸು ಕಣ್ರೇ!" ಗಂಗರತ್ನಮ್ಮ ನನ್ನ ರಟ್ಟೆ ಹಿಡಿದು, "ನಡೀಮ್ಮಾ ಆಚೆಗೆ" ಎಂದು ಎಳೆದರು. ಹೆಜ್ಜೆ ಇಟ್ಟೆ. ಇಟ್ಟೇಬಿಟ್ಟೆ. ಚಂದ್ರಮೋಹನ್ "ಪರದೆ ಬಿಡ್ರೋ, ಪರದೆ!" ಎಂದು ಅರಚಿದರು. ನನ್ನ ಮೂಗಿನ ಮುಂದೆಯೇ ಬಿತ್ತು ಪರದೆ.

ಪರದೆಯ ಹಿಂದೆ ನಿಂತು ಮೂರನೆಯ ಚರಣವನ್ನೂ ಮುಗಿಸಿದೆ. ಮೈಕಿನಲ್ಲಿ ನನ್ನ ಹೆಸರು ಕೊನೆಗೂ ಯಾರೂ ಹೇಳಲಿಲ್ಲ.

ಬೆಳಿಗ್ಗೆ ಮೇಷ್ಟ್ರನ್ನು ರಾಯಲ್ಪಾಡು ಬಸ್ಸು ಹತ್ತಿಸುವಾಗ ಕೇಳಿದೆ, ಯಾಕೆ ನಿಲ್ಲಿಸಲಿಲ್ಲ ಎಂದು.

"ಹಾರ ಬಂದಿದ್ದು ಅವನಿಗೆ. ಹಾಡಿಗೇನು ಬಂತು, ನಿಲ್ಸೋಕೆ?"

ಮಾರ್ಚ್ 12, ಬುಧವಾರ

ಚಂದ್ರಮೋಹನ್ ಫೋನು. ಕ್ಷಮೆ ಕೇಳುತ್ತಾರೆ ಎಂದುಕೊಂಡು ಎತ್ತಿದೆ. ಎಂಥ ದಡ್ಡಿ.

"ಗವರ್ನರ್‌ಗೆ ಸಮಾಧಾನ ಹೇಳಿದೀನಿ ಮೇಡಂ. ಅದು ರೆಕಾರ್ಡಿಂಗು, ಸೌಂಡ್ ಸಿಸ್ಟಮ್ಮೋನು ನಿಲ್ಸೋದು ಮರೆತ ಅಂತ. ನಾಳೆ ನಿಮ್ಮ ವರದೀಲೂ ಹಂಗೇ ಓದಿಬಿಡಿ. ಕ್ಲಬ್ಬಿನ ಮರ್ಯಾದೆ ಪ್ರಶ್ನೆ. ಆ ಮೇಷ್ಟ್ರನ್ನ ಇನ್ಮೇಲೆ ಕರೆಸೋದು ಬೇಡ."

ರೆಕಾರ್ಡಿಂಗು! ಎದೆ ಬಿರಿಯುವ ಹಾಗೆ ನಿಂತು ಹಾಡಿದ್ದೇನೆ, ಈಗ ನಾನೊಂದು ಪೆನ್‌ಡ್ರೈವು. ಹೆಸರು ಹೇಳದೇ ಇದ್ದದ್ದು ಒಂದು. ಈಗ ಅಲ್ಲಿ ಮನುಷ್ಯಳೇ ಇರಲಿಲ್ಲ ಎನ್ನುತ್ತಿದ್ದಾರೆ. ಅದನ್ನು ನನ್ನ ಬಾಯಿಂದಲೇ ಓದಿಸಬೇಕಂತೆ. ಸ್ಕೂಲಿನ ಮಕ್ಕಳು ಮೂರು ದಿನದಿಂದ 'ಐದೇ ಊರು' ಗುನುಗುತ್ತಾ ಓಡಾಡುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ನಾಳೆಯ ವಿಷಯ 'ರಂಗಕಲೆಯ ಸವಾಲುಗಳು: ನಮ್ಮ ಸಾಧನೆ'.

"ಓದ್ತೀಯಾ?" ಎಂದರು ಮುನೇಶ್. ಈ ಸಲ ತಮಾಷೆ ಇರಲಿಲ್ಲ.

"ಸಾಯ್ಲಿ ವರದಿ" ಎಂದೆ.

ಮಾರ್ಚ್ 13, ಗುರುವಾರ, ಸಂಜೆ

ವರದಿ ಬರೆದಿಲ್ಲ. ಬರೆಯುವುದೂ ಇಲ್ಲ. ಪ್ರಾರ್ಥನೆ ಹೇಗೂ ನನ್ನದೇ. ಇವತ್ತಿನ ಪ್ರಾರ್ಥನೆ 'ಐದೇ ಊರು ಸಾಕು ರಾಜಾ'. ಮೊದಲು ಮೈಕಿನಲ್ಲಿ ಹೇಳುತ್ತೇನೆ— ಹಾಡುವವಳು ಸುನಂದ, ಕಲಿಸಿದವರು ಕೋದಂಡರಾಮಪ್ಪ ಮೇಷ್ಟ್ರು, ಶನಿವಾರ ಹಾಡಿದವಳೂ ಇವಳೇ ಎಂದು. ಬೇರೆ ಯಾರೂ ಹೇಳುವುದು ಬೇಡ. ಆಮೇಲೆ ಮೂರೂ ಚರಣ. ಬೋಂಡ ಆರಿದರೆ ಆರಲಿ.

ಬೆಳಿಗ್ಗೆಯೇ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಕರೆಸಬೇಡಿ ಎಂದಿದ್ದಾರೆ ಎಂದೂ ಹೇಳಿದೆ. "ಹಾರ್ಮೋನಿಯಂ ತರ್ಲಾ, ಬೇಡ್ವಾ? ಅದ್ ಹೇಳು" ಎಂದರು. ಅವರನ್ನು ಕರೆತರಲು ಮುನೇಶ್ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾರೆ.

ಸೀರೆಯ ನೆರಿಗೆಯನ್ನು ಎರಡು ಸಲ ಬಿಚ್ಚಿ ಮತ್ತೆ ಹಿಡಿದೆ. ಹೆದರಿಕೆಯಲ್ಲ, ಸಿಟ್ಟು. ಹೆದರಿಕೆಯೂ ಇದೆ ಎನ್ನೋಣ.

ಹೊರಗೆ ಹಾರ್ನ್. ಬಂದರು. ಬ್ಯಾಗಿಗೆ ಬ್ಯಾನರ್ ಹಾಕಿದೆ, ಕಾಲರ್ ಹಾಕಿದೆ. ಗಂಟೆ ಬೀರುವಿನಲ್ಲೇ ಇದೆ. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ.