ಪ್ರಶಸ್ತಿ ಬಂದ ಮೇಲೆ ಮಾತು ಬಿಟ್ಟ ಹುಡುಗಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ತರಗತಿಯ ಹುಡುಗಿಯೊಬ್ಬಳಿಗೆ ನೀವು 'ಮೌಖಿಕ ಉತ್ತರದಲ್ಲಿ ಅತ್ಯುತ್ತಮ ಪ್ರಗತಿ' ಎಂಬ ಪ್ರಶಸ್ತಿಪತ್ರ ಕಳಿಸಿದ್ದೀರಿ. ಅದು ಕೈಸೇರಿದ ದಿನದಿಂದ ಅವಳು ತುಟಿ ಬಿಚ್ಚಿಲ್ಲ. ಇದನ್ನು ನಿಮ್ಮ ಕಚೇರಿಗೆ ಬರೆದು ತಿಳಿಸಿದೆ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂಬ ಉತ್ತರ ಕ್ಷಣಮಾತ್ರದಲ್ಲಿ ಬಂತು. ಅಷ್ಟು ಬೇಗ ಓದುವ ಪುಣ್ಯಾತ್ಮರು ಯಾರೋ ತಿಳಿಯಲಿಲ್ಲ. ಆದ್ದರಿಂದ ಈಗ ಎಲ್ಲರೆದುರು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಇತಿಹಾಸ ಕಲಿಸುವವನೆಂಬ ಕಾರಣಕ್ಕೆ ನನ್ನನ್ನು ಹಳೆಯ ಕಾಲಕ್ಕೆ ಜೋತುಬಿದ್ದವನೆಂದು ಭಾವಿಸಬೇಡಿ. ನೀವು ಕೊಟ್ಟ ಪ್ರೊಜೆಕ್ಟರ್‌ಗೆ ನಾನು ಋಣಿ. ಆ ಹುಡುಗಿ ಮೊದಲ ಬಾರಿ ಮಾತಾಡಿದ್ದೇ ಅದರ ಬೆಳಕಿನಲ್ಲಿ. ಅವಳಿಗೆ ಉಗ್ಗು. ಹಾಜರಿ ಕರೆದಾಗ ಕೈ ಎತ್ತುತ್ತಿದ್ದಳೇ ಹೊರತು ದನಿ ಎತ್ತುತ್ತಿರಲಿಲ್ಲ. ಒಮ್ಮೆ, ಮುಚ್ಚಿಹೋದ ಗಿರಣಿಯ ಮುಂದೆ ಕಾರ್ಮಿಕರು ಸಾಲಾಗಿ ನಿಂತ ಫೋಟೊವನ್ನು ಗೋಡೆ ತುಂಬ ಮೂಡಿಸಿ, ಏನು ಕಾಣುತ್ತದೆ ಎಂದು ಕೇಳಿದೆ. ಅವಳು ಎದ್ದು ನಿಂತಳು. ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡಿತು. ನಾವೆಲ್ಲ ಕಾದೆವು.

"ಎ... ಎಲ್ಲರೂ ಕ್ಯಾಮೆರಾ ನೋಡ್ತಿದಾರೆ ಸರ್. ಆ ಮೂಲೇಲಿರೋ ಅಮ್ಮ ಮಾತ್ರ ಗೇಟ್ ಕಡೆ ನೋಡ್ತಿದಾರೆ. ನಾಳೆ ಎಲ್ಲಿಗೆ ಹೋಗೋದು ಅಂತ ಯೋಚನೆ ಇರ್ಬೇಕು."

ಇಡೀ ತರಗತಿ ಆ ಹೆಂಗಸನ್ನೇ ನೋಡುತ್ತ ಕುಳಿತಿತು. ಅಂದಿನಿಂದ ಅವಳು ತಡವರಿಸುತ್ತಲೇ ಪ್ರಶ್ನೆ ಕೇಳಿದಳು, ತಡವರಿಸುತ್ತಲೇ ನನ್ನೊಡನೆ ವಾದಕ್ಕಿಳಿದಳು. ಮಗು ಬೆಳೆಯುವುದೆಂದರೆ ಇದೇ ಅಲ್ಲವೇ?

ಆಮೇಲೆ ನಿಮ್ಮ ಟ್ಯಾಬ್ಲೆಟ್ ಪರೀಕ್ಷೆ ಬಂತು. ಮಕ್ಕಳು ಉತ್ತರ ಹೇಳಬೇಕು, ಯಂತ್ರ ಕೇಳಿ ಅಂಕ ಕೊಡುತ್ತದೆ. ಅವಳ ಮೊದಲ ಅಕ್ಷರ ಹೊರಬರುವ ಮುನ್ನವೇ ಅದು "ಉತ್ತರ ಬಂದಿಲ್ಲ" ಎಂದು ಮುಂದಿನ ಪ್ರಶ್ನೆಗೆ ಜಿಗಿಯುತ್ತಿತ್ತು. ವಾರವಾರವೂ ಇದೇ ಪಾಡು. ಸ್ವಲ್ಪ ಹೆಚ್ಚು ಹೊತ್ತು ಕಾಯುವಂತೆ ಮಾಡಿ ಎಂದು ನಿಮ್ಮ ಸಿಬ್ಬಂದಿಯನ್ನು ಬೇಡಿಕೊಂಡೆ.

"ಒಂದು ಮಗೂಗೋಸ್ಕರ ಸಿಸ್ಟಮ್ ಬದಲಾಯ್ಸೋಕಾಗಲ್ಲ ಮೇಷ್ಟ್ರೇ," ಎಂದರು.

ಹಾಗಾದರೆ ಸಿಸ್ಟಮ್ ಇರುವುದು ಯಾರಿಗೋಸ್ಕರ?

ಪಕ್ಕದಲ್ಲಿ ಕೂರುವ ಗೆಳತಿಗೆ ಇವಳ ಸಂಕಟ ನೋಡಲಾಗಲಿಲ್ಲ. ಇವಳ ಸರದಿ ಬಂದಾಗ ಆ ಗೆಳತಿಯೇ ಟ್ಯಾಬ್ಲೆಟ್‌ಗೆ ಬಾಯಿಟ್ಟು ಪಟಪಟನೆ ಉತ್ತರಿಸತೊಡಗಿದಳು. ಯಂತ್ರಕ್ಕೆ ಖುಷಿಯೋ ಖುಷಿ. ಇವಳ ಅಂಕದ ಗ್ರಾಫ್ ಸರ್ರನೆ ಮೇಲೇರಿತು. ನೀವು ಪ್ರಶಸ್ತಿ ಕಳಿಸಿದಿರಿ. ಆ ಗೆಳತಿ ನನ್ನ ಬಳಿ ಬಂದು ಎಲ್ಲವನ್ನೂ ಹೇಳಿ ಅತ್ತಳು. "ಸಹಾಯ ಮಾಡ್ತಿದೀನಿ ಅನ್ಕೊಂಡಿದ್ದೆ ಸರ್," ಎಂದಳು. ಅವಳನ್ನು ಶಿಕ್ಷಿಸಲು ನನಗೆ ಮನಸ್ಸಾಗಲಿಲ್ಲ; ನೀವೂ ಶಿಕ್ಷಿಸಬೇಡಿ.

ಕಳೆದ ವಾರ ಹುಡುಗಿಯ ತಾಯಿ ಹೊಲಿಗೆ ಕೆಲಸ ಬಿಟ್ಟು, ಆ ಪ್ರಶಸ್ತಿಪತ್ರ ಹಿಡಿದು ಶಾಲೆಗೆ ಬಂದರು. "ಇದ್ರಲ್ಲಿ ಚೆನ್ನಾಗಿ ಉತ್ತರ ಹೇಳ್ತಾಳೆ ಅಂತ ಬರ್ದಿದೆ ಸರ್. ಮನೇಲಿ ನನ್ನ ಹತ್ರಾನೂ ಮಾತು ಬಿಟ್ಟಿದಾಳೆ. ಯಾಕೆ ಪುಟ್ಟಾ ಅಂತ ಕೇಳಿದ್ರೆ, ನಾನು ಸುಮ್ನಿದ್ರೇನೇ ಎಲ್ಲರಿಗೂ ಇಷ್ಟ ಅಂತ ಬರ್ದು ತೋರಿಸ್ತಾಳೆ."

ಅವರಿಗೆ ಕುರ್ಚಿ ಕೊಟ್ಟೆ. ಕೊಡಲು ಬೇರೇನೂ ಇರಲಿಲ್ಲ. ಈಗಲೂ ನಾನು ಪ್ರಶ್ನೆ ಕೇಳಿ ಅವಳ ಬಳಿ ಕಾಯುತ್ತೇನೆ. ಅವಳು ಗೆಳತಿಯ ಮುಖ ನೋಡುತ್ತಾಳೆ.

ನನ್ನ ಬೇಡಿಕೆ ಇಷ್ಟೇ: ತಡವಾಗಿ ಮಾತಾಡುವ ಮಕ್ಕಳ ಉತ್ತರವನ್ನು ಇನ್ನು ಮುಂದೆ ಮನುಷ್ಯರೇ ಕೇಳಲಿ. ಮತ್ತು ನೀವೇ ಖುದ್ದಾಗಿ ಬಂದು, "ನಿನ್ನ ಮಾತನ್ನು ನಾವು ಕೇಳಿರಲೇ ಇಲ್ಲಮ್ಮ, ತಪ್ಪಾಯಿತು" ಎಂದು ಅವಳಿಗೆ ಹೇಳಿ. ಹೇಳಿದ ಕೂಡಲೇ ಗಡಿಯಾರ ನೋಡಬೇಡಿ.

ಇಂತಿ,
ನಿಮ್ಮ ದಾಖಲೆಗಳ ಪ್ರಕಾರ ಉತ್ತಮ ಫಲಿತಾಂಶ ತಂದಿರುವ
ಒಬ್ಬ ಇತಿಹಾಸ ಮೇಷ್ಟ್ರು