ಪ್ಯೂ ಕೋಟೆಯ ಇಟ್ಟಿಗೆ

ಎಡಿಸನ್, ಅಮೆರಿಕ, ಅಕ್ಟೋಬರ್ ೨೦೦೮

ಭಾವನವರಿಗೆ ನಮಸ್ಕಾರ.

ನಿವೃತ್ತಿಯ ಇಡುಗಂಟು ಬಿಚ್ಚಿ ನೀವು ಕೊಳ್ಳಹೊರಟಿರುವ ಇಟ್ಟಿಗೆಯನ್ನು ಅದನ್ನು ಮಾರುತ್ತಿರುವ ಇಲ್ಲಿನ ಗಂಗಾಧರ ಅಂಕಲ್ ಮನೆಯಲ್ಲಿ ನೋಡಿದೆ. ಬರ್ಮಾದಲ್ಲಿ ಎಂದೋ ಅಳಿದುಹೋದ ಪ್ಯೂ ಜನರ, ಶ್ರೀಕ್ಷೇತ್ರ ಎಂಬ ಹಳೆಯ ಪಟ್ಟಣದ ಕೋಟೆಯದಂತೆ.

"ಬ್ಯಾಂಕ್ ಬೀಳುತ್ತೆ, ಈ ಕೋಟೆ ಬೀಳಲ್ಲ ಕಣಪ್ಪಾ," ಎಂದರು.

"ಬೀಳದೆ ಇಟ್ಟಿಗೆ ನಿಮ್ಮ ಗ್ಯಾರೇಜಿಗೆ ಹೇಗೆ ಬಂತು ಅಂಕಲ್?" ಎಂದೆ. ಮಾತು ಬದಲಿಸಿ ಟೀ ತಂದರು.

ಪ್ಯೂ ಜನ ಹಸಿ ಇಟ್ಟಿಗೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರೆಂದು ನೀವೇ ಹೇಳಿದ್ದಿರಿ. ಇದರ ಮೇಲೂ ಮೂರು ಗೆರೆಗಳಿವೆ, ನಡುವಿನದು ಸೊಟ್ಟ. ಲೋಟ ಹಿಡಿದ ಅಂಕಲ್ ಕೈ ನೋಡಿದೆ. ನಡುಬೆರಳು ಅದೇ ಕಡೆಗೆ ಸೊಟ್ಟ.

ನನ್ನ ಕೆಮ್ಮು ವಾಸಿ. ಟ್ರೈನ್ ಬರುತ್ತಿದೆ. ಹಣ ಮಾತ್ರ ಕಳಿಸಬೇಡಿ. ಪ್ಯೂ ಜನ ಪೂರ್ತಿ ಅಳಿದಿಲ್ಲ ಭಾವ, ಎಡಿಸನ್ನಿನಲ್ಲಿ ಒಬ್ಬರು ಉಳಿದಿದ್ದಾರೆ.

ನಿಮ್ಮ ಭಾಮೈದ,
ವಾಸುಕಿ