ನಾನು ಹೇಳಿದ್ದು ಉತ್ತರವಲ್ಲ, ಪ್ರಶ್ನೆ

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಪರೀಕ್ಷಾ ಕೊಠಡಿಯಲ್ಲಿ ಒಂದೇ ಒಂದು ಪದ ಹೇಳಿದ್ದಕ್ಕಾಗಿ ಬರುವ ಸೋಮವಾರ ನಿಮ್ಮ ಕಚೇರಿಯಲ್ಲಿ ನನ್ನ ವಿಚಾರಣೆ ನಡೆಯಲಿದೆ. ಆ ಪದ ‘ಬಡ್ಡಿ’. ನಿಮ್ಮ ವಿಶ್ವವಿದ್ಯಾಲಯ ಅಚ್ಚು ಹಾಕಿಸಿದ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಆ ಪದ ಇರಬೇಕಾದ ಜಾಗದಲ್ಲಿ ‘ಆಸಕ್ತಿ’ ಎಂದಿತ್ತು. ತಪ್ಪು ಪದ ಹಾಕಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಸರಿಯಾದ ಪದ ಹೇಳಿದವಳು ಯಾರೆಂದು ಮಾತ್ರ ಎಲ್ಲರಿಗೂ ಗೊತ್ತು, ರಿಜಿಸ್ಟರ್ ನಂಬರಿನ ಸಮೇತ. ತಪ್ಪೊಪ್ಪಿಕೊಂಡರೆ ಒಂದು ಪೇಪರು ಹೋಗುತ್ತದೆ, ವಾದ ಮಾಡಿದರೆ ಎರಡು ವರ್ಷ ಡಿಬಾರ್ ಎಂದು ಕಾಲೇಜಿನಲ್ಲಿ ತಿಳಿಸಿದ್ದಾರೆ. ಈ ಪತ್ರ ವಾದದ ಲೆಕ್ಕಕ್ಕೆ ಬರುತ್ತದೋ ಏನೋ, ನನಗೆ ತಿಳಿಯದು. ಬರೆದದ್ದನ್ನು ಎಷ್ಟೋ ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಇದನ್ನು ಪ್ರಕಟಿಸುವ ದಿನಪತ್ರಿಕೆಯ ಅಚ್ಚಿನಲ್ಲಿ ಆ ಗೀಟುಗಳು ಕಾಣುವುದಿಲ್ಲವಲ್ಲ, ಅದೊಂದೇ ಸಮಾಧಾನ.

ನಾನು ಶಿಡ್ಲಘಟ್ಟದವಳು. ಅಬ್ಬಾ ಉಸ್ಮಾನ್ ಸಾಬ್ ರೇಷ್ಮೆ ನೂಲು ತೆಗೆಸುವ ರೀಲರ್. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದೆ, ಈಗ ಚಿಂತಾಮಣಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಮನೆಯಲ್ಲಿ ಉರ್ದು, ಹಾಸ್ಟೆಲಿನಲ್ಲಿ ಕನ್ನಡ, ವಾರ್ಡನ್ ಮೇಡಂಗೆ ಕೋಪ ಬಂದಾಗ ತೆಲುಗು, ಕ್ಲಾಸಿನಲ್ಲಿ ಅರ್ಧ ಇಂಗ್ಲಿಷು. ಕಳೆದ ವರ್ಷ ನಮ್ಮ ಕಾಲೇಜಿಗೆ ‘ಇಸ್ಲಾಮೀ ಅರ್ಥಶಾಸ್ತ್ರ, ಬ್ಯಾಂಕಿಂಗ್ ಮತ್ತು ಹಣಕಾಸು’ ಎಂಬ ಹೊಸ ಆಪ್ಷನಲ್ ಬಂತು. ಮುಸ್ಲಿಂ ಹುಡುಗಿ, ಅದಕ್ಕೇ ಅದನ್ನು ತೆಗೆದುಕೊಂಡಳು ಎಂದು ಎಲ್ಲರೂ ತಿಳಿದರು. ನಿಜ ಏನೆಂದರೆ ಸೈಕಾಲಜಿಯಲ್ಲಿ ಸೀಟು ತುಂಬಿಹೋಗಿತ್ತು. ನನ್ನ ಜೊತೆ ಸೇರಿದ ಬೆರಳೆಣಿಕೆಯ ಮಂದಿಯೂ ಹಾಗೆ ಬೇರೆಲ್ಲೂ ಜಾಗ ಸಿಗದೆ ಬಂದವರೇ. ಆದರೆ ಸೇರಿದ ಮೇಲೆ ಓದು ಹಿಡಿಸಿತು. ಹಣ ಕೂತಲ್ಲೇ ಮರಿ ಹಾಕಬಾರದು. ಒಂದು ವ್ಯಾಪಾರಕ್ಕೆ ಹಣ ಹಾಕಿದವನು ಲಾಭದಲ್ಲಿ ಪಾಲು ಕೇಳುವುದಾದರೆ ನಷ್ಟದಲ್ಲೂ ತನ್ನ ಪಾಲು ಹೊರಬೇಕು. ಇಷ್ಟು ಬಡ್ಡಿ ಎಂದು ಮೊದಲೇ ಬರೆಸಿಕೊಂಡು, ದುಡಿಯುವವನು ಮುಳುಗಿದರೂ ತಾನು ಮಾತ್ರ ಬೆಚ್ಚಗೆ ಕೂರುವಂತಿಲ್ಲ. ಹೀಗೆ ಕೂಡಿ ಮಾಡುವ ವ್ಯಾಪಾರಕ್ಕೆ ಮುಶಾರಕಾ ಎಂದು ಹೆಸರು. ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಅರ್ಧ ವರ್ಷಕ್ಕೇ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೋಗುವ ದಿನ ಅವರು, “ಹೆದರ್ಕೋಬೇಡಿ, ಇಂಟರೆಸ್ಟ್ ಯಾಕಿಲ್ಲ ಅನ್ನೋದೊಂದು ಚೆನ್ನಾಗಿ ಓದ್ಕೊಳ್ಳಿ, ಗ್ಯಾರಂಟಿ ಬರುತ್ತೆ” ಎಂದಿದ್ದರು. ಅವರ ಗ್ಯಾರಂಟಿ ಸುಳ್ಳಾಗಲಿಲ್ಲ. ಆರನೇ ಪ್ರಶ್ನೆಯಾಗಿ ಬಂತು: ‘ಇಸ್ಲಾಮಿನಲ್ಲಿ ಆಸಕ್ತಿಯನ್ನು ಏಕೆ ನಿಷೇಧಿಸಲಾಗಿದೆ? ಸಕಾರಣವಾಗಿ ವಿವರಿಸಿ.’

ಓದಿದಾಗ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಪತ್ರಿಕೆಯ ತಲೆಯ ಮೇಲೆ ‘ಸಂದೇಹ ಬಂದಲ್ಲಿ ಇಂಗ್ಲಿಷ್ ಪಠ್ಯವೇ ಅಂತಿಮ’ ಎಂದು ಅಚ್ಚಾಗಿತ್ತು. ಆ ಅಂತಿಮ ಪಠ್ಯವನ್ನು ಇಂಗ್ಲಿಷ್ ಮಾಧ್ಯಮದವರಿಗೆ ಮಾತ್ರ ಹಂಚುತ್ತಾರಂತೆ, ನಮ್ಮ ಕೊಠಡಿಯಲ್ಲಿ ಒಂದು ಪ್ರತಿಯೂ ಇರಲಿಲ್ಲ. ಉರ್ದುವಿನಲ್ಲಿ ಬಡ್ಡಿಗೆ ಸೂದ್, ಆಸಕ್ತಿಗೆ ದಿಲ್‌ಚಸ್ಪಿ. ತೆಲುಗಿನಲ್ಲಿ ವಡ್ಡಿ ಬೇರೆ, ಆಸಕ್ತಿ ಬೇರೆ. ಕನ್ನಡದಲ್ಲಂತೂ ಬಡ್ಡಿಯನ್ನು ಆಸಕ್ತಿ ಎಂದು ತಿಳಿದವರು ನಮ್ಮ ಸೀಮೆಯಲ್ಲಿ ಹುಡುಕಿದರೂ ಸಿಗಲಾರರು. ಇಂಗ್ಲಿಷಿನಲ್ಲಿ ಮಾತ್ರ ಎರಡಕ್ಕೂ ಇಂಟರೆಸ್ಟ್ ಎಂಬ ಒಂದೇ ಪದ. ಅಂದರೆ, ಮಾನ್ಯರೇ, ಸಂದೇಹ ಹುಟ್ಟಿಸುವ ಒಂದೇ ಒಂದು ಭಾಷೆಯನ್ನು ಆರಿಸಿ ಸಂದೇಹ ತೀರಿಸಲು ಇಟ್ಟಿದ್ದೀರಿ. ಎಲ್ಲಿ ಎಡವಿದ್ದಾರೆ ಎಂಬುದು ನನ್ನ ಅರ್ಧ ಇಂಗ್ಲಿಷಿಗೆ ಹೊಳೆಯಿತು. ಅನುವಾದಿಸಿದವರ ಪೂರ್ತಿ ಇಂಗ್ಲಿಷಿಗೆ ಏಕೆ ಹೊಳೆಯಲಿಲ್ಲ? ತಾವು ಕನ್ನಡಕ್ಕೆ ತರುತ್ತಿರುವುದು ಹಣಕಾಸಿನ ಪತ್ರಿಕೆ ಎಂದು ಅವರಿಗೆ ತಿಳಿಸುವ ಪದ್ಧತಿ ನಿಮ್ಮಲ್ಲಿ ಇಲ್ಲವೇ? ಅಥವಾ ಮುಸ್ಲಿಮರ ಸಂಗತಿ, ಅವರಲ್ಲಿ ಏನು ಬೇಕಾದರೂ ನಿಷೇಧ ಇರಬಹುದು ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋದರೇ? ಈ ಕೊನೆಯ ಮಾತನ್ನು ಕೇಳಲು ನನಗೆ ಹೆದರಿಕೆ. ಆದರೂ ಕೇಳಿದ್ದೇನೆ.

ಎದ್ದು ನಿಂತೆ. ಕೊಠಡಿ ಮೇಲ್ವಿಚಾರಕರು ಕಿಟಕಿಯ ಹತ್ತಿರ ಇದ್ದರು.

“ಸಾರ್, ಆರನೇದರಲ್ಲಿ ಆಸಕ್ತಿ ಅಲ್ಲ ಸಾರ್. ಬಡ್ಡಿ.”

“ಯಾರಮ್ಮಾ ಅದು ಆನ್ಸರ್ ಹೇಳ್ತಿರೋದು?”

“ಆನ್ಸರ್ ಅಲ್ಲ ಸಾರ್, ಕೊಶ್ಚನ್ ಹೇಳ್ತಿದೀನಿ.”

“ಕೊಶ್ಚನ್ ಹೇಳೋಕೆ ನೀನ್ಯಾರಮ್ಮಾ? ಯೂನಿವರ್ಸಿಟಿಯೋರಿಗಿಂತ ಜಾಸ್ತಿ ಓದ್ಬಿಟ್ಟಿದೀಯಾ? ಕೂತ್ಕೊ. ನೋಡ್ರಪ್ಪಾ, ಏನು ಪ್ರಿಂಟಾಗಿದೆಯೋ ಅದಕ್ಕೇ ಬರೀರಿ ಎಲ್ರೂ.”

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಕೂತೆ. ಬಡ್ಡಿಯ ಬಗ್ಗೆಯೇ ಬರೆದೆ. ಬೇರೆ ಏನು ಬರೆಯಲಿ?

ನಿಮ್ಮ ನೋಟೀಸು ಹೇಳುತ್ತದೆ: ‘ಸದರಿ ವಿದ್ಯಾರ್ಥಿನಿಯು ಆರನೇ ಪ್ರಶ್ನೆಯ ಉತ್ತರವನ್ನು ಗಟ್ಟಿಯಾಗಿ ಉಚ್ಚರಿಸಿ ಸಹ ಅಭ್ಯರ್ಥಿಗಳಿಗೆ ನೆರವಾಗಿರುತ್ತಾರೆ.’ ದಯವಿಟ್ಟು ಒಂದು ನಿಮಿಷ ಆ ಪ್ರಶ್ನೆಯನ್ನೂ ನನ್ನ ‘ಉತ್ತರ’ವನ್ನೂ ಒಟ್ಟಿಗೆ ಇಟ್ಟು ಓದಿ. ಇಸ್ಲಾಮಿನಲ್ಲಿ ಆಸಕ್ತಿಯನ್ನು ಏಕೆ ನಿಷೇಧಿಸಲಾಗಿದೆ? ಬಡ್ಡಿ. ಈ ಉತ್ತರಕ್ಕೆ ನೀವು ಎಷ್ಟು ಅಂಕ ಕೊಡುತ್ತೀರಿ? ನಿಮ್ಮ ಪ್ರಶ್ನೆ ಸರಿಯಿದ್ದರೆ ನಾನು ಹೇಳಿದ್ದು ಹುಚ್ಚು ಮಾತು, ಅದರಿಂದ ಯಾರಿಗೂ ಕಾಸಿನ ಉಪಯೋಗವಿಲ್ಲ, ಆರೋಪ ನಿಲ್ಲುವುದಿಲ್ಲ. ನಾನು ಹೇಳಿದ್ದು ಉಪಯೋಗಕ್ಕೆ ಬರುವಂಥದ್ದೇ ಆಗಿದ್ದರೆ ನಿಮ್ಮ ಪ್ರಶ್ನೆ ತಪ್ಪು, ಆಗಲೂ ಆರೋಪ ನಿಲ್ಲುವುದಿಲ್ಲ. ಇಷ್ಟನ್ನು ನಾನು ಪ್ರಿನ್ಸಿಪಾಲರ ಮುಂದೆ ಹೇಳಬೇಕೆಂದುಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು “ಸಾರಿ ಸಾರ್” ಮಾತ್ರ. ಹಾಸ್ಟೆಲಿನಲ್ಲಿ ವಾರ್ಡನ್ ವೆಂಕಟರತ್ನಮ್ಮನವರು ಊಟದ ಸಾಲಿನಲ್ಲೇ, “ಏಮ್ಮಾ, ಮೂರು ಗಂಟೆ ಬಾಯಿ ಮುಚ್ಕೊಂಡು ಕೂರೋಕೆ ಆಗ್ಲಿಲ್ವಾ ನಿನ್ಗೆ?” ಎಂದರು. ಬೈದರೂ ಅನ್ನ ಮಾತ್ರ ಒಂದು ಸೌಟು ಜಾಸ್ತಿ ಹಾಕಿಸಿದರು.

ನೆರವಿನ ಮಾತಿಗೆ ಬರುತ್ತೇನೆ. ನನ್ನಿಂದ ನೆರವು ಪಡೆದವರು ಯಾರು? ಒಬ್ಬರೂ ಇಲ್ಲ. ಎಲ್ಲರೂ ಮೇಲ್ವಿಚಾರಕರ ಮಾತು ಕೇಳಿ ಪ್ರಿಂಟಾಗಿದ್ದಕ್ಕೇ ಬರೆದರು. ನನ್ನ ಹಾಸ್ಟೆಲಿನ ಗೆಳತಿಯೊಬ್ಬಳೂ ಬರೆದಳು. ಅವಳ ನಿಜವಾದ ಹೆಸರು ಇಲ್ಲಿ ಹಾಕಲಾರೆ, ಮಂಗಮ್ಮ ಎಂದಿಟ್ಟುಕೊಳ್ಳಿ. ಹಳ್ಳಿ ಕಡೆಯ ಒಕ್ಕಲು ಮನೆತನದವಳು. ರಂಜಾನಿಗೆ ನಮ್ಮ ಮನೆಗೆ ಬಂದು ಉಳಿದು ಹೋದವಳು. ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಅವಳೇ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು.

“ಆರನೇದು ಸೂಪರಾಗಿ ಬರ್ದೆ ಕಣೇ! ನಾಕು ಪುಟ. ಮೊದ್ಲು ತಲೆ ಬುಡ ಗೊತ್ತಾಗ್ಲಿಲ್ಲ. ಆಮೇಲೆ ನಿಮ್ಮನೇನ ನೆನಪಿಸ್ಕೊಂಡೆ ನೋಡು, ತಾನಾಗೇ ಬಂತು.”

“ನಮ್ಮನೇನಾ?”

“ಹೂಂ ಕಣೇ. ನನ್ನ ಗೆಳತಿಯ ತಾಯಿ ಪಕ್ಕದ ಮನೆಯ ಜಗಳವನ್ನೂ ಇಣುಕಿ ನೋಡುವುದಿಲ್ಲ, ಹೆಣ್ಣುಮಕ್ಕಳು ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ಆಸಕ್ತಿ ನಿಷೇಧ ಇರುವುದರಿಂದ ಸಂಸಾರದಲ್ಲಿ ಶಾಂತಿ ಇದೆ ಅಂತ. ಒಳ್ಳೇದೇ ಬರ್ದಿದೀನಿ ಬಿಡೇ, ಕೆಟ್ದೇನಿಲ್ಲ.”

“ನಾನು ಬಡ್ಡಿ ಅಂದಿದ್ದು ನಿಂಗೆ ಕೇಳಿಸ್ಲಿಲ್ವಾ?”

“ಕೇಳಿಸ್ತು. ಸಾರ್ ಪ್ರಿಂಟಾಗಿರೋದಕ್ಕೇ ಬರೀರಿ ಅಂದ್ರಲ್ಲ. ನಂಗ್ಯಾಕೆ ಊರ ಉಸಾಬರಿ?”

ಫಲಿತಾಂಶ ಬಂತು. ಮಂಗಮ್ಮನಿಗೆ ಆ ಪೇಪರಿನಲ್ಲಿ ಫಸ್ಟ್ ಕ್ಲಾಸ್. ನನ್ನ ನಂಬರಿನ ಮುಂದೆ ‘ತಡೆಹಿಡಿಯಲಾಗಿದೆ’. ಮಿಕ್ಕವರೂ ಸರಿಸುಮಾರು ಅವಳ ಹಾಗೆಯೇ ಬರೆದು ಪಾಸಾಗಿದ್ದಾರೆ, ಆದ್ದರಿಂದ ಯಾರು ಆ ಮಂಗಮ್ಮ ಎಂದು ಹುಡುಕಲು ಹೋಗಬೇಡಿ. ಆ ನಾಲ್ಕು ಪುಟಗಳನ್ನು ನಿಮ್ಮ ಮೌಲ್ಯಮಾಪಕರು ಒಂದೋ ಓದದೆ ಅಂಕ ಹಾಕಿದ್ದಾರೆ, ಇಲ್ಲವೇ ಓದಿ, ಹೌದೆಂದು ತಲೆಯಾಡಿಸಿ, ಅಂಕ ಹಾಕಿದ್ದಾರೆ. ಎರಡರಲ್ಲಿ ಯಾವುದಕ್ಕೆ ನಾನು ಹೆಚ್ಚು ಹೆದರಬೇಕು, ಮಾನ್ಯರೇ? ನನಗೆ ಕಾಣುವುದು ಹೀಗೆ: ಮುಂದಿನ ವರ್ಷ ಯಾವನೋ ಗೈಡು ಮಾಡುವವನು ಹಳೆಯ ಪ್ರಶ್ನೆಪತ್ರಿಕೆ ತಂದು ಇದಕ್ಕೊಂದು ಮಾದರಿ ಉತ್ತರ ಬರೆಯುತ್ತಾನೆ. ಅದನ್ನು ಬಾಯಿಪಾಠ ಮಾಡಿದ ಹುಡುಗರು ಮೇಷ್ಟ್ರಾಗುತ್ತಾರೆ, ಬ್ಯಾಂಕಿನ ಆಫೀಸರಾಗುತ್ತಾರೆ, ನಿಮ್ಮ ಕಚೇರಿಗೂ ಬರುತ್ತಾರೆ. ನಾಳೆ ನಾನು ಕೌಂಟರಿನ ಮುಂದೆ ನಿಂತು ಏನಾದರೂ ಕೇಳಿದರೆ, ಇವರಲ್ಲಿ ಕೇಳುವುದೇ ನಿಷೇಧವಲ್ಲವೇ ಎಂದು ಅವರು ನನ್ನ ಮುಖ ನೋಡುತ್ತಾರೆ. ತೊಂಬತ್ತೆರಡರ ಡಿಸೆಂಬರಿನಿಂದ ನಮ್ಮ ಬೀದಿಯವರು ಬಸ್ಸಿನಲ್ಲಿ ಗಟ್ಟಿಯಾಗಿ ಮಾತಾಡುವುದನ್ನೇ ಬಿಟ್ಟಿದ್ದಾರೆ. ನಮ್ಮ ಬಗ್ಗೆ ತಿರುಗಾಡುತ್ತಿರುವ ಸುಳ್ಳುಗಳೇ ಸಾಕಷ್ಟಿವೆ. ವಿಶ್ವವಿದ್ಯಾಲಯವೂ ಒಂದಕ್ಕೆ ಮೊಹರು ಒತ್ತಿ ಕೊಡಬೇಕೇ?

ಊರಿಗೆ ಹೋಗಿ ಹೇಳಿದಾಗ ಅಮ್ಮಿಗೆ ನೋಟೀಸಿಗಿಂತ ಮಂಗಮ್ಮನ ಉತ್ತರವೇ ಹೆಚ್ಚು ನೋವು ಮಾಡಿತು. ನಮ್ಮ ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರು, ಕೈಯಲ್ಲಿ ಏನಿತ್ತು, ಹೋಗುವಾಗ ಮುಖ ಹೇಗಿತ್ತು ಎಂಬುದು ಅಮ್ಮಿಗೆ ತಿಳಿಯದೆ ಹೋಗುವುದಿಲ್ಲ. ಮಂಗಮ್ಮ ಬಂದಿದ್ದಾಗ ನೆಂಟರ ಎದುರು ಚೆನ್ನಾಗಿರಲ್ಲ ಎಂದು ಅಮ್ಮಿ ಬಾಗಿಲ ಹತ್ತಿರ ಸುಳಿಯದೆ ಇದ್ದಳು, ಅಷ್ಟೇ. ಅಮ್ಮಿ ಉರ್ದುವಿನಲ್ಲಿ ಅಂದದ್ದನ್ನು ನಾನು ಕನ್ನಡದಲ್ಲಿ ಬರೆದರೆ ಹೀಗೆ: “ನಾನಾ? ನಂಗೆ ಯಾರ ವಿಷಯಾನೂ ಬೇಡ್ವಂತಾ? ಆ ಹುಡುಗಿ ತಿಂದ್ಕೊಂಡು ಹೋದ ಶೀರ್‌ಖುರ್ಮಾನಾದ್ರೂ ನೆನೆಸ್ಕೋಬಾರ್ದಾಗಿತ್ತಾ?” ಅಬ್ಬಾ ಮೊದಲು ನಕ್ಕರು. ಆಮೇಲೆ ನೋಟೀಸು ಓದಿಸಿಕೊಂಡು, ಮಡಿಸಿ ನನ್ನ ಕೈಗಿಟ್ಟರು. “ತಪ್ಪಾಯ್ತು ಅಂತ ಬರ್ಕೊಟ್ಟು ಬಾಮ್ಮಾ. ಆಫೀಸಿನೋರ ಹತ್ರ ನಾವು ನಿಂತು ವಾದ ಮಾಡಣಾ? ಕಾಲ ಸರಿ ಇಲ್ಲ” ಎಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅಪರೂಪ. ನನ್ನ ಹೆದರಿಕೆ ಎರಡರಷ್ಟಾಯಿತು.

ಬರೆದುಕೊಡೋಣವೆಂದೇ ಹೊರಟಿದ್ದೆ, ಸುಳ್ಳು ಹೇಳುವುದಿಲ್ಲ. ಕಾಲೇಜಿನವರು ಕರಡನ್ನೂ ತಾವೇ ಟೈಪ್ ಮಾಡಿಸಿ ಇಟ್ಟಿದ್ದರು, ನಾನು ಸಹಿ ಹಾಕಿದರೆ ಸಾಕು. ಪೆನ್ನು ತೆಗೆದು ಓದಿದೆ: ‘ಪ್ರಶ್ನೆಪತ್ರಿಕೆಯ ವಿಷಯದಲ್ಲಿ ಅನಗತ್ಯ ಆಸಕ್ತಿ ವಹಿಸಿದ್ದಕ್ಕಾಗಿ ವಿಷಾದಿಸುತ್ತೇನೆ. ಮುಂದೆ ಹೀಗೆ ಆಸಕ್ತಿ ವಹಿಸುವುದಿಲ್ಲ.’ ಇಲ್ಲಿ ಮಾತ್ರ ಪದವನ್ನು ಸರಿಯಾಗಿ ಬಳಸಿದ್ದರು. ನನ್ನ ಕೈ ನಿಂತುಹೋಯಿತು. ಇದಕ್ಕೆ ಸಹಿ ಹಾಕಿದರೆ ನಿಮ್ಮ ಆರನೇ ಪ್ರಶ್ನೆ ನಿಜವಾಗುತ್ತದೆ. ಮಂಗಮ್ಮ ಬರೆದದ್ದೂ ನಿಜವಾಗುತ್ತದೆ. ಆಸಕ್ತಿ ನನಗೆ ನಿಷಿದ್ಧ ಎಂದು ಒಬ್ಬ ಮುಸ್ಲಿಂ ಹುಡುಗಿಯೇ ತನ್ನ ಕೈಯಾರೆ ಬರೆದುಕೊಟ್ಟ ಕಾಗದ ನಿಮ್ಮ ಫೈಲಿನಲ್ಲಿ ಸೇರುತ್ತದೆ. “ನಾಳೆ ಹಾಕ್ತೀನಿ ಸಾರ್” ಎಂದು ಹೊರಗೆ ಬಂದೆ. ಆ ನಾಳೆಯನ್ನು ಇನ್ನೂ ಮುಂದೂಡುತ್ತಿದ್ದೇನೆ. ಎರಡನೇ ವರ್ಷದ ಪಾಠ ಶುರುವಾಗಿದೆ. ಹೋಗಿ ಕೂರುತ್ತೇನೆ. ಹಾಜರಿಯಲ್ಲಿ ನನ್ನ ಹೆಸರು ಕೂಗುವುದಿಲ್ಲ.

ನಾನು ಅಷ್ಟಿಷ್ಟು ಓದಿದ ವಿಷಯದಿಂದಲೇ ಕೇಳುತ್ತೇನೆ. ಒಬ್ಬರು ಪ್ರಶ್ನೆ ಹಾಕಿದರು, ಒಬ್ಬರು ಅನುವಾದಿಸಿದರು, ಒಬ್ಬರು ಕರಡು ತಿದ್ದಿದರು, ಒಬ್ಬರು ಪ್ರಿಂಟಾಗಿದ್ದಕ್ಕೇ ಬರೀರಿ ಎಂದರು, ಒಬ್ಬರು ಅಂಕ ಹಾಕಿದರು. ಎಲ್ಲರಿಗೂ ಸಂಭಾವನೆ ಸಂದಿದೆ. ನಷ್ಟ ಬಂದಾಗ ಮಾತ್ರ ಅದು ಪೂರ್ತಿಯಾಗಿ ಬೆಂಚಿನಲ್ಲಿ ಕೂತವಳದ್ದು. ಇದು ಯಾವ ವ್ಯಾಪಾರ, ಮಾನ್ಯರೇ? ನೀವು ಸಿಲಬಸ್ಸಿನಲ್ಲಿ ಇಟ್ಟಿರುವ ಮುಶಾರಕಾ ಖಂಡಿತ ಅಲ್ಲ. ಮೊದಲ ಪಾಠದಲ್ಲೇ ಅನ್ಯಾಯ ಎಂದು ಹೇಳಿಕೊಟ್ಟಿರುವುದು ಇದನ್ನೇ.

ಆದ್ದರಿಂದ ನನ್ನ ಬೇಡಿಕೆ. ಸೋಮವಾರಕ್ಕೆ ಮೊದಲು ಆರನೇ ಪ್ರಶ್ನೆಯನ್ನು ರದ್ದು ಮಾಡಿ, ಅದಕ್ಕೆ ಏನೇ ಬರೆದಿದ್ದರೂ ಯಾರ ಅಂಕವನ್ನೂ ಕಡಿಯುವುದಿಲ್ಲ ಎಂದು ಆದೇಶ ಹೊರಡಿಸಿ. ತಪ್ಪು ಅಚ್ಚಾದ ಜಾಗದಲ್ಲೇ, ನಿಮ್ಮ ಹೆಸರಿನಲ್ಲೇ, ಇರಬೇಕಾದ ಪದ ಬಡ್ಡಿ ಎಂದು ಅಚ್ಚಾಗಲಿ, ಗೈಡಿನವರ ಕಣ್ಣಿಗೂ ಬೀಳುವ ಹಾಗೆ. ನನ್ನ ಮೇಲಿನ ಆರೋಪವನ್ನು ಕೈಬಿಡಿ. ಮೂರರಲ್ಲಿ ಮೊದಲನೆಯದನ್ನು ಮೊದಲು ಮಾಡಿ, ಅದಕ್ಕೆ ಕಾರಣವಿದೆ. ನೋಟೀಸಿನ ಸುದ್ದಿ ತಿಳಿದ ದಿನ ಮಂಗಮ್ಮ ಅತ್ತುಬಿಟ್ಟಳು. “ನಾನು ಬಂದು ಹೇಳ್ತೀನಿ ಕಣೇ, ಇವಳು ಬಡ್ಡಿ ಅಂದಿದ್ದು ಕೇಳಿಸ್ತು, ಆದ್ರೂ ನಾನು ಬರೀಲಿಲ್ಲ, ಇವಳಿಂದ ನಂಗೇನೂ ಹೆಲ್ಪ್ ಆಗಿಲ್ಲ ಅಂತ. ಪೇಪರಿಗೂ ಬರಿ, ನನ್ ಹೆಸ್ರು ಮಾತ್ರ ಹಾಕ್ಬೇಡ್ವೇ” ಎಂದಳು. ನನಗಿರುವ ಸಾಕ್ಷಿ ಅವಳೊಬ್ಬಳೇ. ಆದರೆ ಅವಳು ಬಂದು ಹಾಗೆ ಹೇಳಿದ ಗಳಿಗೆಯೇ ಅವಳ ನಾಲ್ಕು ಪುಟ ತಪ್ಪಾಗುತ್ತವೆ, ಫಸ್ಟ್ ಕ್ಲಾಸ್ ಹೋಗುತ್ತದೆ. ಕೇಳಿದ್ದಕ್ಕೆ ಉತ್ತರ ಬರೆದದ್ದು ಅವಳ ತಪ್ಪೇ?

ಆ ಆದೇಶ ಬಂದರೆ ನಾವಿಬ್ಬರೂ ಬರುತ್ತೇವೆ. ಬರದಿದ್ದರೆ ಅವಳನ್ನು ಹಾಸ್ಟೆಲಿನಲ್ಲೇ ಬಿಟ್ಟು ನಾನೊಬ್ಬಳೇ ಬೆಳಗಿನ ಬಸ್ಸು ಹತ್ತುತ್ತೇನೆ. ನಿಮ್ಮ ಮುಂದೆ ನಿಂತಾಗ ನನಗೆ ಮಾತು ಬರದೇ ಹೋಗಬಹುದು. ಮತ್ತೆ “ಸಾರಿ ಸಾರ್” ಎಂದರೂ ಅಂದೇನು, ಅದು ಅಭ್ಯಾಸ, ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಸಹಿ ಮಾತ್ರ ಹಾಕುವುದಿಲ್ಲ.

ಇಂತಿ,
ಫಲಿತಾಂಶದ ಜೊತೆಗೆ ಉಸಿರನ್ನೂ ತಡೆಹಿಡಿದುಕೊಂಡಿರುವ
ಶಹಜಾದಿ
ಮೊದಲನೇ ಬಿ.ಎ. (ಎರಡನೆಯದೋ ಎಂಬುದನ್ನು ತಾವೇ ಹೇಳಬೇಕು)
ಚಿಂತಾಮಣಿ, 1994